ಜಿಟಿ3ಗೆ ಮೂರನೇ ಪೆಡಲ್ ಬೇಕೆ?

ಪ್ರಶ್ನೆ: ನಾನು ಶಿವಮೊಗ್ಗ ಕಡೆಯವನು, ಹನ್ನೊಂದು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಕೆಲಸದಲ್ಲಿದ್ದೇನೆ. ಬಹಳ ದಿನ ದುಡ್ಡು ಕೂಡಿಟ್ಟು ಈಗ ಸೆಕೆಂಡ್ ಹ್ಯಾಂಡ್ ಪೋರ್ಷೆ 911 ಜಿಟಿ3 ಕೊಳ್ಳುವ ಹಂತಕ್ಕೆ ಬಂದಿದ್ದೇನೆ. 2021ರಲ್ಲಿ ಬಂದ 992 ಮಾದರಿಯ ಎರಡು ಗಾಡಿ ನೋಡಿಟ್ಟಿದ್ದೇನೆ. ಒಂದು ಆರು ಗೇರಿನ ಮ್ಯಾನುಯಲ್, ಇನ್ನೊಂದು ಕ್ಲಚ್ ಪೆಡಲ್ ಇಲ್ಲದ, ಡ್ಯುಯಲ್ ಕ್ಲಚ್‌ನ ಪಿಡಿಕೆ. ಆಫೀಸಿಗೆ ರೈಲಿನಲ್ಲೇ ಹೋಗುತ್ತೇನೆ. ಗಾಡಿ ಬೇಕಿರುವುದು ಭಾನುವಾರ ಬ್ಲ್ಯಾಕ್ ಫಾರೆಸ್ಟ್ ಕಡೆ ಸುತ್ತಾಡಲಿಕ್ಕೆ ಮತ್ತು ವರ್ಷಕ್ಕೆ ನಾಲ್ಕೈದು ಸಲ ನ್ಯೂರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕಿಗೆ ಹೋಗಲಿಕ್ಕೆ. ಗೆಳೆಯರು ಮ್ಯಾನುಯಲ್ ಬಿಟ್ಟರೆ ಕೆಟ್ಟೆ ಅನ್ನುತ್ತಾರೆ. ರಿಂಗ್‌ನಲ್ಲಿ ನನಗೆ ಹೇಳಿಕೊಟ್ಟವರು ಕಣ್ಣು ಮುಚ್ಚಿ ಪಿಡಿಕೆ ತಗೋ ಅನ್ನುತ್ತಾರೆ. ಹೆಂಡತಿಯೂ ಓಡಿಸುತ್ತಾಳೆ. ಏನು ಮಾಡಲಿ?

ಉತ್ತರ: ಗಾಡಿಯ ಮಾತಿಗೆ ಮೊದಲು ಮನೆಯಲ್ಲಿರುವ ಎರಡೂ ಲೈಸೆನ್ಸ್ ಕಾರ್ಡ್ ತಿರುಗಿಸಿ ನೋಡಿ. ಹಿಂಬದಿಯ 12ನೇ ಕಾಲಂನಲ್ಲಿ 78 ಅಂತ ಬರೆದಿದ್ದರೆ ಆ ಕಾರ್ಡಿನವರು ಅಲ್ಲಿ ಆಟೊಮ್ಯಾಟಿಕ್ ಮಾತ್ರ ಓಡಿಸಬಹುದು. ಪಿಡಿಕೆ ಕೂಡ ಆಟೊಮ್ಯಾಟಿಕ್ ಲೆಕ್ಕವೇ. ಭಾರತದ ಲೈಸೆನ್ಸ್ ಇದ್ದವರೂ ಜರ್ಮನಿಯಲ್ಲಿ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಮತ್ತೆ ಕೊಡಬೇಕಲ್ಲ, ಬೇಗ ಮುಗಿಯಲಿ ಅಂತ ಎಷ್ಟೋ ಜನ ಆಟೊಮ್ಯಾಟಿಕ್ ಗಾಡಿಯಲ್ಲೇ ಪರೀಕ್ಷೆಗೆ ಕೂರುತ್ತಾರೆ. ಊರಿನಲ್ಲಿ ಹತ್ತು ವರ್ಷ ಮಾರುತಿಯ ಗೇರ್ ಹಾಕಿದ ಕೈಯಾದರೂ ಕಾರ್ಡಿನ ಮೇಲೆ 78 ಬಿದ್ದರೆ ಬಿತ್ತು. ಹಾಗಿದ್ದರೂ ಕಂಗಾಲಾಗಬೇಕಿಲ್ಲ. 2021ರ ಏಪ್ರಿಲ್‌ನಿಂದ ಇದಕ್ಕೊಂದು ದಾರಿ ಮಾಡಿದ್ದಾರೆ: ಡ್ರೈವಿಂಗ್ ಸ್ಕೂಲಿನಲ್ಲಿ ಗೇರ್ ಗಾಡಿಯ ಮೇಲೆ ತಲಾ 45 ನಿಮಿಷದ ಕನಿಷ್ಠ 10 ಪಾಠ, ಕೊನೆಗೆ ಅವರೇ ನಡೆಸುವ 15 ನಿಮಿಷದ ಒಂದು ಪರೀಕ್ಷೆ. ಅಷ್ಟು ಮುಗಿಸಿದರೆ ಆ ಕಟ್ಟುಪಾಡು ಹೋಗುತ್ತದೆ. ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ನಿಮ್ಮ ಮನೆಯವರ ಕಾರ್ಡಿನಲ್ಲಿ 78 ಇದ್ದು ಅವರಿಗೆ ಆ ಹತ್ತು ಪಾಠ ಬೇಡವೆನಿಸಿದರೆ, ನಾನು ಇನ್ನು ಮುಂದೆ ಬರೆಯುವುದೆಲ್ಲ ವ್ಯರ್ಥ. ಪಿಡಿಕೆ ತಗೊಳ್ಳಿ, ಇಬ್ಬರೂ ಓಡಿಸಿ.

ಅಂಥ ಕಟ್ಟುಪಾಡಿಲ್ಲ ಅಂದುಕೊಂಡು ಮುಂದುವರಿಯುತ್ತೇನೆ.

ಯಾವುದು ವೇಗ ಅನ್ನುವ ಪ್ರಶ್ನೆಗೆ ಉತ್ತರ ಎಂದೋ ಸಿಕ್ಕಾಗಿದೆ. ಪೋರ್ಷೆಯೇ ಕೊಡುವ ಲೆಕ್ಕದಲ್ಲಿ 992 ಜಿಟಿ3 ನಿಂತಲ್ಲಿಂದ 100 ಕಿ.ಮೀ. ವೇಗ ಮುಟ್ಟಲು ಪಿಡಿಕೆಯಲ್ಲಿ 3.4 ಸೆಕೆಂಡ್, ಮ್ಯಾನುಯಲ್‌ನಲ್ಲಿ 3.9. ಎಂಜಿನ್ ಅದೇ, 510 ಅಶ್ವಶಕ್ತಿ ಅದೇ. ಮೇಲಾಗಿ ಮ್ಯಾನುಯಲ್ ಗಾಡಿ 17 ಕಿಲೋ ಹಗುರ: 1,418 ಕಿಲೋ, ಪಿಡಿಕೆಯದು 1,435. ಹಗುರವಾದದ್ದೇ ಹಿಂದೆ ಬೀಳುತ್ತದೆ ಅಂದರೆ ಆ ಅರ್ಧ ಸೆಕೆಂಡ್ ಹೋಗುವುದು ಮನುಷ್ಯನ ಕೈಕಾಲಿನಲ್ಲಿ. ಗರಿಷ್ಠ ವೇಗದಲ್ಲಿ ಮಾತ್ರ ಮ್ಯಾನುಯಲ್ 320, ಪಿಡಿಕೆ 318. ಅದು ಬರೀ ಕಾಗದದ ಮೇಲಿನ ಖುಷಿ.

ಪಿಡಿಕೆ ಒಳಗೆ ನಡೆಯುವುದನ್ನು ಒಮ್ಮೆ ಕಣ್ಣಮುಂದೆ ತಂದುಕೊಂಡರೆ ಈ ವ್ಯತ್ಯಾಸ ತಾನಾಗಿ ಅರ್ಥವಾಗುತ್ತದೆ. ಒಂದೇ ಪೆಟ್ಟಿಗೆಯೊಳಗೆ ಎರಡು ಗೇರ್‌ಬಾಕ್ಸ್ ಇದ್ದ ಹಾಗೆ ಅದು. ಕೊಳವೆಯಂಥ ಟೊಳ್ಳು ಶಾಫ್ಟ್ ಒಂದು, ಅದರ ಹೊಟ್ಟೆಯೊಳಗೆ ತೂರಿದ ಇನ್ನೊಂದು ಶಾಫ್ಟ್. 1, 3, 5, 7ನೇ ಗೇರುಗಳು ಒಂದರ ಪಾಲು, 2, 4, 6 ಇನ್ನೊಂದರ ಪಾಲು. ಎರಡಕ್ಕೂ ಬೇರೆಬೇರೆ ಕ್ಲಚ್. ನೀವು ಮೂರರಲ್ಲಿ ಎಳೆಯುತ್ತಿರುವಾಗಲೇ ನಾಲ್ಕು ಆ ಕಡೆ ಸದ್ದಿಲ್ಲದೆ ಬಿದ್ದಾಗಿರುತ್ತದೆ, ಅದರ ಕ್ಲಚ್ ಮಾತ್ರ ಬಿಟ್ಟಿರುತ್ತದೆ. ಬಾವಿಯ ರಾಟೆಗೆ ಹಗ್ಗದ ಎರಡೂ ತುದಿಯಲ್ಲಿ ಬಿಂದಿಗೆ ಕಟ್ಟಿದರೆ ಒಂದು ಇಳಿಯುವಷ್ಟು ಹೊತ್ತಿನಲ್ಲೇ ಇನ್ನೊಂದು ಏರುತ್ತದಲ್ಲ, ಹಾಗೆ ಒಂದು ಕ್ಲಚ್ ಬಿಡುತ್ತ ಬಂದಂತೆ ಇನ್ನೊಂದು ಹಿಡಿಯುತ್ತ ಹೋಗುತ್ತದೆ. ಚಕ್ರಕ್ಕೆ ಹೋಗುವ ಎಳೆತ ನಡುವೆ ಎಲ್ಲೂ ಕಡಿಯುವುದಿಲ್ಲ. ಇಡೀ ಆಟದ ಗುಟ್ಟು ಇಷ್ಟೇ. ಮ್ಯಾನುಯಲ್‌ನಲ್ಲಿ ಎಷ್ಟೇ ಚುರುಕಾಗಿ ಹಾಕಿದರೂ ಕ್ಲಚ್ ಒತ್ತಿದ ಕ್ಷಣ ಗಾಡಿ ತೇಲುತ್ತದೆ.

ಆದರೆ ಪಿಡಿಕೆಗೂ ಊಹೆ ತಪ್ಪುವುದುಂಟು. ನೀವು ಇನ್ನೇನು ಐದಕ್ಕೆ ಏರಿಸುತ್ತೀರಿ ಅಂತ ಅದು ಐದನ್ನು ಸಿದ್ಧ ಮಾಡಿಟ್ಟಿರುವಾಗ ನೀವು ಧುತ್ತನೆ ಮೂರು ಕೇಳಿದರೆ, ಹಾಕಿದ್ದನ್ನು ತೆಗೆದು ಬೇರೆ ಹಾಕಬೇಕು. ಆಗ ಒಂದು ಚೂರು ತಡವರಿಸುತ್ತದೆ. ಕಿವಿ ಪಳಗಿದವರಿಗೆ ಗೊತ್ತಾಗುತ್ತದೆ, ಉಳಿದವರಿಗೆ ಇಲ್ಲ.

ಇದು ಹೊಸ ವಿದ್ಯೆಯೇನೂ ಅಲ್ಲ. ಎರಡು ಕ್ಲಚ್‌ನ ಯೋಚನೆಗೆ ಫ್ರಾನ್ಸಿನ ಅಡೋಲ್ಫ್ ಕೆಗ್ರೆಸ್ 1939ರಲ್ಲೇ ಪೇಟೆಂಟ್ ಪಡೆದಿದ್ದರು. ಸಿದ್ಧಾಂತ ಸರಿಯಿತ್ತು, ಅದನ್ನು ಆಡಿಸುವ ಎಲೆಕ್ಟ್ರಾನಿಕ್ಸ್ ಹುಟ್ಟಿರಲಿಲ್ಲ. ಪೋರ್ಷೆ ಎಂಬತ್ತರ ದಶಕದಲ್ಲಿ ಇದನ್ನು 956, 962 ರೇಸ್ ಕಾರುಗಳಲ್ಲಿ ಕೂರಿಸಿ ಹಿಂಸೆಪಟ್ಟು ಪಳಗಿಸಿತು. 1986ರಲ್ಲಿ ಮೊಂಜಾದಲ್ಲಿ ಪಿಡಿಕೆ ಇದ್ದ 962 ಗೆದ್ದಿತು. ಹಾಗಿದ್ದೂ ಮಾರಾಟದ ಕಾರಿಗೆ ಮೊದಲು ತಂದದ್ದು ಫೋಕ್ಸ್‌ವ್ಯಾಗನ್, 2003ರ ಗಾಲ್ಫ್ ಆರ್32ರಲ್ಲಿ. 911ಗೆ ಅದು ಬಂದದ್ದು 2008ರಲ್ಲಿ. ಫೆರಾರಿ 458 ಇಟಾಲಿಯಾ ಕ್ಲಚ್ ಪೆಡಲ್ಲೇ ಇಲ್ಲದೆ ಬಂತು. ಮೆಕ್‌ಲಾರೆನ್ 12ಸಿ ಕೂಡ ಹಾಗೇ. 2020ರ ಕಾರ್ವೆಟ್ ಸಹ ಆ ಸಾಲಿಗೆ ಸೇರಿತು, ಅಮೆರಿಕದವರ ಹಟವೂ ಅಲ್ಲಿಗೆ ಮುಗಿಯಿತು.

ನೀವು ಕೊಳ್ಳಲು ಹೊರಟಿರುವ ಜಿಟಿ3ಯ ಕಥೆಯೇ ಸ್ವಲ್ಪ ಬೇರೆ. 2013ರಲ್ಲಿ ಹಿಂದಿನ ತಲೆಮಾರಿನ 991 ಮಾದರಿಯ ಜಿಟಿ3 ಬಂದಾಗ ಅದರಲ್ಲೂ ಪಿಡಿಕೆ ಒಂದೇ. ಗಡಿಯಾರದ ಪ್ರಕಾರ ಅದು ಸರಿಯಾದ ತೀರ್ಮಾನ. ಕೊಳ್ಳುವವರು ಮಾತ್ರ ಮುಖ ಸಿಂಡರಿಸಿದರು. 2016ರಲ್ಲಿ ಕಂಪನಿ 911 ಆರ್ ಅಂತ ಮ್ಯಾನುಯಲ್ ಮಾತ್ರ ಇರುವ ಗಾಡಿಗಳನ್ನು ಎಣಿಸಿ 991 ಮಾತ್ರ ಬಿಟ್ಟಿತು. ಅವು ಖಾಲಿಯಾದವು, ಕೈಬದಲಾಗುವಾಗ ಮೂಲ ಬೆಲೆಗಿಂತ ಎಷ್ಟೋ ಮೇಲಕ್ಕೆ ಹೋದವು. ಮರುವರ್ಷವೇ ಜಿಟಿ3ಗೆ ಮ್ಯಾನುಯಲ್ ವಾಪಸ್ ಬಂತು. ಆಗ ಆ 911 ಆರ್‌ಗಳ ಬೆಲೆಯ ಬಿಸಿ ಕೊಂಚ ಇಳಿಯಿತು ಅನ್ನುವುದನ್ನೂ ನೆನಪಿಡಿ. ‘ಮ್ಯಾನುಯಲ್ ಅಂದರೆ ಚಿನ್ನ, ಬೆಲೆ ಇಳಿಯೋದೇ ಇಲ್ಲ’ ಅನ್ನುವ ಗೆಳೆಯರಿಗೆ ಇದನ್ನು ಹೇಳಿ. ಸೈಟು ಕೊಳ್ಳುವ ಲೆಕ್ಕದಲ್ಲಿ ಕಾರು ಕೊಳ್ಳುವವರ ಮಾತನ್ನು ನಾನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಿಮ್ಮ ಎರಡು ಗಾಡಿಗಳ ನಡುವೆ ಪೆಡಲ್ ಒಂದೇ ವ್ಯತ್ಯಾಸವೂ ಅಲ್ಲ. ಮಾರುವವರು ಇದನ್ನು ಹೇಳುವುದು ಕಡಿಮೆ. ಪಿಡಿಕೆ ಜಿಟಿ3ಯಲ್ಲಿ ಹಿಂದಿನ ಎರಡು ಚಕ್ರಗಳಿಗೆ ಎಳೆತ ಹಂಚುವ ಡಿಫರೆನ್ಶಿಯಲ್ ಎಲೆಕ್ಟ್ರಾನಿಕ್ ಹಿಡಿತದ್ದು. ಎಷ್ಟು ಬಿಗಿಯಬೇಕು, ಯಾವಾಗ ಸಡಿಲಿಸಬೇಕು ಅಂತ ಕಂಪ್ಯೂಟರ್ ಆ ಕ್ಷಣದಲ್ಲಿ ತೀರ್ಮಾನಿಸುತ್ತದೆ. ಮ್ಯಾನುಯಲ್‌ನದ್ದು ಹಳೇ ಪದ್ಧತಿಯ ಮೆಕ್ಯಾನಿಕಲ್ ಲಾಕಿಂಗ್. ತಿರುವಿನಿಂದ ಹೊರಬರುತ್ತ ಆಕ್ಸಲರೇಟರ್ ಒತ್ತಿದಾಗ ಎರಡು ಗಾಡಿಗಳ ಹಿಂಭಾಗ ನಡೆದುಕೊಳ್ಳುವ ರೀತಿಯೇ ಬೇರೆಬೇರೆ. ನನಗೆ ಮೆಕ್ಯಾನಿಕಲ್ ಇಷ್ಟ, ಯಾಕೆಂದರೆ ನಿನ್ನೆ ಮಾಡಿದ್ದನ್ನೇ ಇವತ್ತೂ ಮಾಡುತ್ತದೆ. ಇದು ನನ್ನ ರುಚಿ, ನಿಯಮ ಅಂದುಕೊಳ್ಳಬೇಡಿ.

ಈಗ ರಿಂಗ್ ವಿಷಯ. ನಿಮಗೆ ಹೇಳಿಕೊಟ್ಟವರು ಪಿಡಿಕೆ ಅಂದದ್ದು ಸುಮ್ಮನೆ ಅಲ್ಲ. ನನಗಾದದ್ದನ್ನೇ ಹೇಳುತ್ತೇನೆ. ರಿಂಗ್‌ನ ಉದ್ದದ ಸುತ್ತಾದ ನಾರ್ಡ್‌ಶ್ಲೈಫೆಯಲ್ಲಿ ಫುಕ್ಸ್‌ರೋರೆ ಅಂತ ಒಂದು ಇಳಿಜಾರಿದೆ, ನರಿಯ ಬಿಲ ಅನ್ನಬಹುದು. ಮರಗಳ ನಡುವೆ ಗಾಡಿ ಕಲ್ಲು ಬಿದ್ದ ಹಾಗೆ ಇಳಿದು, ತಳದಲ್ಲಿ ಹೊಟ್ಟೆ ನೆಲಕ್ಕೆ ಒತ್ತಿ, ಏರುವಷ್ಟರಲ್ಲಿ ಆಡೆನಾವರ್ ಫೋರ್ಸ್ಟ್‌ನ ಎಡ-ಬಲ ತಿರುವು ಎದುರಿಗೇ ನಿಂತಿರುತ್ತದೆ. ಕೈಯಲ್ಲಿದ್ದದ್ದು ಗೆಳೆಯನ ಮ್ಯಾನುಯಲ್ 911. ಬೆಳಗಿನ ಹೊತ್ತು, ರಸ್ತೆಯ ಅರ್ಧ ಇನ್ನೂ ಒದ್ದೆ. ನಾಲ್ಕರಿಂದ ಮೂರು, ಮೂರರಿಂದ ಎರಡು ಇಳಿಸಬೇಕು. ಬಲಪಾದದ ಮುಂಭಾಗ ಬ್ರೇಕಿನ ಮೇಲೆ ಒಂದೇ ಒತ್ತಡದಲ್ಲಿ ನಿಂತಿರಬೇಕು. ಅದೇ ಪಾದದ ಬಲ ಅಂಚನ್ನು ಹೊರಳಿಸಿ ಆಕ್ಸಲರೇಟರನ್ನು ಒಂದು ಚಿಟಿಕೆ ತಟ್ಟಬೇಕು, ಎಂಜಿನ್ ವೇಗ ಕೆಳಗಿನ ಗೇರಿಗೆ ಹೊಂದಲಿ ಅಂತ. ಎಡಗಾಲು ಕ್ಲಚ್, ಕೈ ಗೇರ್ ಲಿವರ್. ನಾಲ್ಕರಿಂದ ಮೂರು ಚೆನ್ನಾಗಿ ಬಿತ್ತು. ಎರಡಕ್ಕೆ ಇಳಿಸುವಾಗ ಪಾದ ಹೊರಳಲಿಲ್ಲ, ಬರೀ ಕ್ಲಚ್ ಬಿಟ್ಟೆ. ಎಂಜಿನ್ ಹಿಂದಿನ ಚಕ್ರಗಳನ್ನು ಕುತ್ತಿಗೆ ಹಿಡಿದು ಎಳೆದ ಹಾಗಾಯಿತು, ಬಾಲ ಪಕ್ಕಕ್ಕೆ ಹೋಯಿತು, ನಾನು ತಿರುವನ್ನು ಬಿಟ್ಟು ನೇರ ಹುಲ್ಲಿನ ಮೇಲೆ ಹೋಗಿ ನಿಂತೆ. ಗಾಡಿಗೆ ಏನೂ ಆಗಲಿಲ್ಲ. ಬೇಲಿಯಾಚೆ ಕ್ಯಾಮೆರಾ ಹಿಡಿದು ನಿಂತಿದ್ದ ಹುಡುಗರು ಚಪ್ಪಾಳೆ ಹೊಡೆದರು. ಆ ಜಾಗದಲ್ಲಿ ಅವರು ನಿಲ್ಲುವುದೇ ನನ್ನಂಥವರಿಗಾಗಿ.

ಮಧ್ಯಾಹ್ನ ಇನ್ನೊಬ್ಬರ ಪಿಡಿಕೆ ಗಾಡಿಯಲ್ಲಿ ಅದೇ ಜಾಗಕ್ಕೆ ಬಂದೆ. ಗೇರ್ ಇಳಿಸಲು ಸ್ಟೀರಿಂಗ್ ಹಿಂದಿರುವ ಎಡ ಪ್ಯಾಡಲನ್ನು ಬೆರಳಿನಲ್ಲಿ ಎರಡು ಸಲ ಎಳೆದೆ, ಅಷ್ಟೇ. ಆ ತಿರುವಿನ ಒಳ ಅಂಚಿನ ಕಲ್ಲು ಎಲ್ಲಿ ಶುರುವಾಗುತ್ತದೆ ಅಂತ ನಾನು ನಿಜವಾಗಿ ನೋಡಿದ್ದು ಆವಾಗಲೇ. ಬೆಳಗ್ಗೆ ನನ್ನ ಗಮನದ ಮುಕ್ಕಾಲು ಪಾಲು ಪಾದದಲ್ಲಿತ್ತು, ಮಧ್ಯಾಹ್ನ ಅದು ರಸ್ತೆಯಲ್ಲಿತ್ತು. ಎರಡು ಗೇರ್‌ಬಾಕ್ಸ್‌ಗಳ ನಡುವೆ ಆರಿಸುವುದು ಅಂದರೆ ನನ್ನ ಮಟ್ಟಿಗೆ ಇದನ್ನೇ ಆರಿಸುವುದು, ನಿಮ್ಮ ಗಮನ ಎಲ್ಲಿರಬೇಕು ಅನ್ನುವುದನ್ನು. 20.8 ಕಿ.ಮೀ. ಉದ್ದದ, ಎಪ್ಪತ್ತಕ್ಕೂ ಹೆಚ್ಚು ತಿರುವಿನ ದಾರಿಯನ್ನು ಇನ್ನೂ ಬಾಯಿಪಾಠ ಮಾಡಿಕೊಳ್ಳುತ್ತಿರುವವರಿಗೆ ಗಮನ ರಸ್ತೆಯ ಮೇಲಿರುವುದೇ ಕ್ಷೇಮ. ಪಿಡಿಕೆಯಲ್ಲಿ ಎಡಗಾಲಿನಲ್ಲಿ ಬ್ರೇಕ್ ಹಾಕಬಹುದು, ತಿರುವಿನ ನಟ್ಟನಡುವೆ ಗೇರ್ ಬದಲಿಸಿದರೂ ಗಾಡಿ ಮುಗ್ಗರಿಸುವುದಿಲ್ಲ.

ಇಲ್ಲಿಗೆ ಗೆಳೆಯರು ಸೋತರು ಅನ್ನಿಸಬಹುದು. ಆದರೆ 2025ರಲ್ಲಿ ಪೋರ್ಷೆ ಒಂದು ಕೆಲಸ ಮಾಡಿತು. 992ನ್ನೇ ತಿದ್ದಿ ತಂದ ಹೊಸ 992.2 ಜಿಟಿ3ಯನ್ನು ಬೇಕೆಂದೇ ಮ್ಯಾನುಯಲ್‌ನಲ್ಲಿ ರಿಂಗ್‌ಗೆ ಇಳಿಸಿ ರೇಸರ್ ಯೋರ್ಗ್ ಬೆರ್ಗ್‌ಮೈಸ್ಟರ್ ಕೈಗೆ ಕೊಟ್ಟಿತು. ಸುತ್ತು ಮುಗಿದದ್ದು 6 ನಿಮಿಷ 56.294 ಸೆಕೆಂಡಿಗೆ. ಹಿಂದಿನ ಜಿಟಿ3 ಅದೇ ಸುತ್ತಿಗೆ ಪಿಡಿಕೆಯಲ್ಲಿ ತೆಗೆದುಕೊಂಡಿದ್ದು 6 ನಿಮಿಷ 59.927. ಹೊಸ ಗಾಡಿಯ ಸಸ್ಪೆನ್ಶನ್, ಗಾಳಿಯ ಲೆಕ್ಕ, ಶೇ. 8ರಷ್ಟು ಗಿಡ್ಡ ಮಾಡಿದ ಫೈನಲ್ ಡ್ರೈವ್ (ಚಕ್ರಕ್ಕೆ ಮುಂಚಿನ ಕೊನೆಯ ಗೇರ್ ಅನುಪಾತ) ಎಲ್ಲವೂ ಅದರಲ್ಲಿ ಸೇರಿವೆ ನಿಜ. ಆದರೂ ಮೂರೂವರೆ ಸೆಕೆಂಡಿನ ಮುನ್ನಡೆ ಮ್ಯಾನುಯಲ್‌ಗೆ! ಬೆರ್ಗ್‌ಮೈಸ್ಟರ್‌ಗೆ ಪಾದ ಹೊರಳಿಸುವುದು ಉಸಿರಾಟದ ಹಾಗೆ. ಗಮನ ಖರ್ಚಾಗುವುದೇ ಇಲ್ಲ.

ನೀವು ಬೆರ್ಗ್‌ಮೈಸ್ಟರ್ ಅಲ್ಲ, ನಾನೂ ಅಲ್ಲ. ಹಾಗಾಗಿ ದಿನಗಳ ಬದಲು ಗಂಟೆಗಳನ್ನು ಎಣಿಸೋಣ. ವರ್ಷಕ್ಕೆ ಐದು ಸಲ ರಿಂಗ್, ಹೋದಾಗಲೆಲ್ಲ ಆರು ಸುತ್ತು, ಸುತ್ತಿಗೆ ಹತ್ತು ನಿಮಿಷ. ಒಟ್ಟು ಐದು ಗಂಟೆ. ಭಾನುವಾರಗಳು ಮಳೆ, ಹಿಮ, ನೆಂಟರು ಎಲ್ಲ ಕಳೆದು ಮೂವತ್ತು ಅಂದುಕೊಳ್ಳಿ, ಒಂದೊಂದಕ್ಕೆ ಮೂರು ಗಂಟೆ. ತೊಂಬತ್ತು ಗಂಟೆ. ಐದು ಗಂಟೆಗಾಗಿ ಗೇರ್‌ಬಾಕ್ಸ್ ಆರಿಸಬೇಕೋ, ತೊಂಬತ್ತು ಗಂಟೆಗಾಗಿಯೋ?

ಆ ತೊಂಬತ್ತು ಗಂಟೆ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಬಾಡೆನ್-ಬಾಡೆನ್‌ನಿಂದ ಫ್ರಾಯ್ಡನ್‌ಸ್ಟಾಟ್ ಕಡೆಗೆ ಹೋಗುವ ಬಿ500 ಹಿಡಿದರೆ ಮುಂದೆ ಒಂದು ಕ್ಯಾಂಪರ್ ವ್ಯಾನು, ಹಿಂದೆ ನಾಲ್ಕು ಮೋಟರ್ ಸೈಕಲ್. ಊರಾಚೆಯ ರಸ್ತೆಯಲ್ಲಿ ಕಾನೂನು ಕೊಡುವ ಮಿತಿ ಹೆಚ್ಚೆಂದರೆ ಗಂಟೆಗೆ 100, ಎಷ್ಟೋ ಕಡೆ 70. ಈ ಎಂಜಿನ್ ನಿಮಿಷಕ್ಕೆ 9,000 ಸುತ್ತು ತಿರುಗುವಂಥದ್ದು. ಮ್ಯಾನುಯಲ್‌ನ ಎರಡನೇ ಗೇರಿನಲ್ಲೇ ಮಿತಿ ದಾಟಿ ಹೋಗುತ್ತದೆ. ಅಂಥ ರಸ್ತೆಯಲ್ಲಿ ಪಿಡಿಕೆಯ ಜಾಣತನಕ್ಕೆ ಕೆಲಸವೇ ಇಲ್ಲ. ವೇಗ ಕೂಡಿಸುವ ಅವಕಾಶವಿಲ್ಲದ ಕಡೆ ಅದು ಬರೀ ಒಳ್ಳೆಯ ಆಟೊಮ್ಯಾಟಿಕ್ ಆಗಿ ಉಳಿಯುತ್ತದೆ, ನೀವು ಸ್ಟೀರಿಂಗ್ ಹಿಡಿದ ಪ್ರಯಾಣಿಕರಾಗುತ್ತೀರಿ. ಮ್ಯಾನುಯಲ್‌ನಲ್ಲಿ ಗಂಟೆಗೆ 60ರಲ್ಲಿ ಹೋಗುವಾಗಲೂ ಒಂದು ಕೆಲಸ ಇರುತ್ತದೆ. ಮೂರರಿಂದ ಎರಡಕ್ಕೆ ಇಳಿಸುವಾಗ ಎಂಜಿನ್ ಸದ್ದು ಸರಿಯಾಗಿ ಎದ್ದು, ಕ್ಲಚ್ ಬಿಟ್ಟದ್ದು ಗೊತ್ತೇ ಆಗದ ಹಾಗೆ ಕೂತರೆ ಆ ಖುಷಿಗೆ 200 ಕಿ.ಮೀ. ವೇಗ ಬೇಕಿಲ್ಲ. ಈ ಗಾಡಿಯ ಗೇರ್ ಲಿವರ್‌ನ ನಡೆ ಗಿಡ್ಡ, ಗಟ್ಟಿ. ಪ್ರತಿ ಗೇರೂ ಬೋಲ್ಟ್ ಹಾಕಿದ ಬಾಗಿಲಿನ ಹಾಗೆ ಬೀಳುತ್ತದೆ.

ಹಾಗಾಗಿ ನನ್ನ ಮಾತು: ಮ್ಯಾನುಯಲ್ ತಗೊಳ್ಳಿ. ರಿಂಗ್ ಕಲಿಯುವುದನ್ನು ಮಾತ್ರ ಅದರಲ್ಲಿ ಮಾಡಬೇಡಿ. ನ್ಯೂರ್ಬರ್ಗ್ ಊರಿನ ಸುತ್ತ ಟ್ರ್ಯಾಕಿಗೆಂದೇ ಸಣ್ಣ ಕಾರು ಬಾಡಿಗೆಗೆ ಕೊಡುವವರಿದ್ದಾರೆ. ಸುಜುಕಿ ಸ್ವಿಫ್ಟ್ ಅಲ್ಲಿ ಬಹಳ ಕಾಲದಿಂದ ಹೆಸರುವಾಸಿ. ನಮ್ಮ ಕಡೆ ಏರ್‌ಪೋರ್ಟ್ ಟ್ಯಾಕ್ಸಿಗೆ ಓಡುವ ಅದೇ ವಂಶದ ಗಾಡಿ, ಮಗುಚಿದರೆ ಕಾಪಾಡುವ ಪಂಜರ ಒಳಗೆ ಕಟ್ಟಿಸಿಕೊಂಡು ನಿಂತಿರುತ್ತದೆ. ಮೊದಲ ವರ್ಷ ಅದರಲ್ಲಿ ಸುತ್ತಿ ತಿರುವುಗಳನ್ನು ಬಾಯಿಪಾಠ ಮಾಡಿ, ಪಾದ ಹೊರಳಿಸುವುದನ್ನೂ ಅದರಲ್ಲೇ ಪಳಗಿಸಿ. ಆಮೇಲೆ ಜಿಟಿ3 ತೆಗೆದುಕೊಂಡು ಹೋಗಿ. ಆಗಲೂ ಶುರುವಿಗೆ ಆಟೊ ಬ್ಲಿಪ್ ಹಾಕಿಕೊಂಡಿರಿ. ಇಳಿಸುವಾಗ ಎಂಜಿನ್ ವೇಗವನ್ನು ಗಾಡಿಯೇ ಹೊಂದಿಸುತ್ತದೆ, ನನಗಾದದ್ದು ನಿಮಗಾಗುವುದಿಲ್ಲ. ಧೈರ್ಯ ಬಂದ ದಿನ ಅದನ್ನು ಆಫ್ ಮಾಡಿ. ಅದನ್ನು ಹಾಕಿಕೊಂಡರೆ ಮರ್ಯಾದೆ ಹೋಗುತ್ತದೆ ಅನ್ನುವವರ ಜೊತೆ ವಾದ ಬೇಡ. ಇನ್ಶೂರೆನ್ಸ್ ಕಾಗದವನ್ನೂ ಓದಿ. ರಿಂಗ್‌ನಲ್ಲಿ ಆದ ಹಾನಿಯನ್ನು ಹೊರಗಿಡುವ ಪಾಲಿಸಿಗಳೇ ಹೆಚ್ಚು.

ಇದೇ ಪ್ರಶ್ನೆಯನ್ನು ಬೆಂಗಳೂರಿನಿಂದ ಕೇಳಿದ್ದರೆ ನನ್ನ ಉತ್ತರ ತಿರುಗಿ ಬೀಳುತ್ತಿತ್ತು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹಾಫ್ ಕ್ಲಚ್ ಮೇಲೆ ಜಿಟಿ3 ನಿಲ್ಲಿಸಿಕೊಂಡು ತೆವಳುವುದು ಗಾಡಿಗೂ ಶಿಕ್ಷೆ, ಮೊಣಕಾಲಿಗೂ ಶಿಕ್ಷೆ. ಡ್ಯುಯಲ್ ಕ್ಲಚ್ ಅಂದರೆ ಟ್ರಾಫಿಕ್‌ನಲ್ಲಿ ಕಾದು ಕೈಕೊಡುತ್ತದೆ ಅನ್ನುವ ಭಯ ನಮ್ಮಲ್ಲಿ ಸಣ್ಣ ಕಾರುಗಳ ಡ್ರೈ ಕ್ಲಚ್‌ನಿಂದ ಹುಟ್ಟಿದ್ದು. ಪಿಡಿಕೆಯ ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿರುವಂಥವು, ಕಾವನ್ನು ಎಣ್ಣೆ ಹೊತ್ತೊಯ್ಯುತ್ತದೆ. ಅಲ್ಲಿ ನಾನು ಕಾಳಜಿ ಮಾಡುವುದು ಗೇರ್‌ಬಾಕ್ಸಿಗಿಂತ ಹೆಚ್ಚಾಗಿ ಹಂಪ್‌ಗಳ ಬಗ್ಗೆ. ಮುಂಭಾಗ ಎತ್ತುವ ಲಿಫ್ಟ್ ಇಲ್ಲದ ಜಿಟಿ3 ಬೆಂಗಳೂರಿನ ಗಲ್ಲಿಯಲ್ಲಿ ಮನೆ ಸೇರುವುದೇ ಅನುಮಾನ.

ಗಾಡಿ ನೋಡಲು ಹೋದಾಗ ಮ್ಯಾನುಯಲ್‌ನಲ್ಲಿ ಒಂದು ವಿಷಯಕ್ಕೆ ಮಾತ್ರ ರಾಜಿಯಾಗಬೇಡಿ. ಪೋರ್ಷೆ ವರ್ಕ್‌ಶಾಪ್‌ನಲ್ಲಿ ಎಂಜಿನ್ ಕಂಪ್ಯೂಟರ್‌ನಿಂದ ಓವರ್ ರೆವ್ ವರದಿ ತೆಗೆಸಿ. ಐದರಿಂದ ನಾಲ್ಕಕ್ಕೆ ಇಳಿಸುವ ಬದಲು ಕೈತಪ್ಪಿ ಎರಡಕ್ಕೆ ಹಾಕಿ ಕ್ಲಚ್ ಬಿಟ್ಟರೆ, ಚಕ್ರಗಳು ಎಂಜಿನ್ನನ್ನು ಅದರ ಮಿತಿ ಮೀರಿ ತಿರುಗಿಸುತ್ತವೆ. ರೆವ್ ಲಿಮಿಟರ್ ತಡೆಯುವುದು ಪೆಟ್ರೋಲನ್ನು ಮಾತ್ರ, ಚಕ್ರವನ್ನಲ್ಲ. ಪಿಡಿಕೆ ಇಂಥ ಆಜ್ಞೆಯನ್ನು ಕೇಳುವುದೇ ಇಲ್ಲ, ಸುಮ್ಮನಿದ್ದುಬಿಡುತ್ತದೆ. ಮ್ಯಾನುಯಲ್ ವಿಧೇಯ, ಹೇಳಿದ್ದನ್ನು ಮಾಡಿ ವಾಲ್ವ್ ಮುರಿದುಕೊಳ್ಳುತ್ತದೆ. ಎಂಜಿನ್ ಎಷ್ಟು ಸಲ, ಎಷ್ಟು ಮೇಲಕ್ಕೆ ಹೋಗಿದೆ, ಅದು ಓಡಿದ ಎಷ್ಟನೇ ಗಂಟೆಯಲ್ಲಿ ಅನ್ನುವುದನ್ನು ಕಂಪ್ಯೂಟರ್ ಹಂತಹಂತವಾಗಿ ಬರೆದಿಟ್ಟಿರುತ್ತದೆ. ಮೇಲಿನ ಹಂತಗಳಲ್ಲಿ ಅಂಕಿ ಕಂಡರೆ, ಅದೂ ಇತ್ತೀಚಿನ ಗಂಟೆಯದಾದರೆ, ನಮಸ್ಕಾರ ಹೇಳಿ ಎದ್ದು ಬನ್ನಿ.

ಉಳಿದದ್ದು ನಿಮಗೆ ಗೊತ್ತಿರುವಂಥದ್ದೇ. ತಣ್ಣಗಿರುವಾಗ ಒಂದರಿಂದ ಎರಡಕ್ಕೆ ಹಾಕಿ ನೋಡಿ, ಕಿರುಗುಟ್ಟಿದರೆ ಗೇರುಗಳ ವೇಗ ಹೊಂದಿಸುವ ಸಿಂಕ್ರೊ ಸವೆದಿದೆ. ಐದನೇ ಗೇರಿನಲ್ಲಿ ನಿಧಾನ ಹೋಗುತ್ತ ಆಕ್ಸಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸದ್ದು ಏರಿ ಗಾಡಿಯ ವೇಗ ಏರದಿದ್ದರೆ ಕ್ಲಚ್ ಪ್ಲೇಟಿನ ಖರ್ಚು ಬೆಲೆಯಲ್ಲಿ ಕಳೆಯಿರಿ. ಪೋರ್ಷೆ ಅಪ್ರೂವ್ಡ್ ವಾರಂಟಿ ಇರುವ ಗಾಡಿ ಸಿಕ್ಕರೆ ಒಳ್ಳೆಯದು. ಮತ್ತೆ, ಎರಡೂ ಗಾಡಿಯ ಟ್ರಯಲ್‌ಗೆ ಮನೆಯವರನ್ನೂ ಕರೆದುಕೊಂಡು ಹೋಗಿ, ಅವರ ಕೈಗೂ ಸ್ಟೀರಿಂಗ್ ಕೊಡಿ. ಮ್ಯಾನುಯಲ್‌ನ ಕ್ಲಚ್ ಅವರಿಗೆ ಭಾರವೆನಿಸಿದರೆ ಆ ಮಾತು ಭಾನುವಾರ ಬೆಳಗ್ಗೆಯಲ್ಲ, ಈಗಲೇ ಬರಲಿ.